ಮನೆ ಬದಲಾವಣೆಯೂ ಶ್ರಾವಕವ್ರತಗಳೂ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ವ್ರತಿಗಳನ್ನು ಅಗಾರಿ, ಅನಗಾರ ಎಂದು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಅಗಾರವೆಂದರೆ ಮನೆ, ಮನೆಯುಳ್ಳವನು ಅಗಾರಿ. ಹಣವುಳ್ಳವನು, ಹೆಂಡಿರು ಮಕ್ಕಳುಳ್ಳವನು, ಹೊಲಗದ್ದೆಯುಳ್ಳವನು ಎಂದು ಕರೆಯದೆ ಮನೆಯುಳ್ಳವನು ಎಂದೇ ಗೃಹಸ್ಥನಿಗೆ ಹೆಸರಾದುದು ವಿಚಾರಯೋಗ್ಯವಾಗಿದೆ. ಈ ಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವೃತ್ತಿಯನ್ನು ಬರೆದ ಪೂಜ್ಯಪಾದರು ಅಲ್ಲಿಯೇ ಒಂದು ಶಂಕೆಯನ್ನು ಎತ್ತುತ್ತಾರೆ. ಪಾಳುಮನೆಯಲ್ಲಿಯೋ ದೇಗುಲದಲ್ಲಿಯೋ ತಂಗಿದ ಮುನಿಯು ಅಗಾರಿಯಾಗಬೇಕಾದೀತಲ್ಲವೇ? ಯಾವುದೋ ಕಾರಣದಿಂದ ಮನೆ ಬಿಟ್ಟು ಕಾಡಿನಲ್ಲಿರುವ ಗೃಹಸ್ಥನು ಅನಗಾರನಾಗಬೇಕಾದೀತಲ್ಲವೇ? ಹಾಗಾಗದು ಎಂದು ಅವರೇ ಸಮಾಧಾನ ಹೇಳುತ್ತಾರೆ. ಇಲ್ಲಿ ಹೇಳಿದ ಮನೆಯು ಕಲ್ಲುಮಣ್ಣಿನದಲ್ಲ, ಭಾವದ ಮನೆ. ಚಾರಿತ್ರಮೋಹದ ಉದಯದಿಂದ ಮನೆಯ ಕಡೆಗೆ ತಿರುಗಿಯೇ ಇರುವ ಪರಿಣಾಮವು ಯಾರಲ್ಲಿದೆಯೋ ಅವನು ಕಾಡಿನಲ್ಲಿದ್ದರೂ ಅಗಾರಿಯೇ.

ಈ ಮಾತಿನ ಅರ್ಥವು ಮನೆಯನ್ನು ಬದಲಾಯಿಸುವ ದಿನದಂದು ಗೃಹಸ್ಥನಿಗೆ ಸ್ಪಷ್ಟವಾಗುವಷ್ಟು ಬೇರೆ ಯಾವ ದಿನವೂ ಆಗದು. ಅಂದು ಹಳೆಯ ಮನೆಯು ಬರಿದಾಗಿರುತ್ತದೆ, ಹೊಸ ಮನೆಯು ಇನ್ನೂ ತನ್ನದಾಗಿರುವುದಿಲ್ಲ. ಕಲ್ಲುಮಣ್ಣಿನ ಅರ್ಥದಲ್ಲಿ ಅಂದು ಅವನು ಕೆಲವು ಗಳಿಗೆಗಳ ಮಟ್ಟಿಗೆ ಮನೆಯಿಲ್ಲದವನು. ಆದರೆ ಲಾರಿಯ ಹಿಂದೆ ನಿಂತು, ಆ ಪೆಟ್ಟಿಗೆ ಎಲ್ಲಿ, ಈ ಹಂಡೆ ಎಲ್ಲಿ ಎಂದು ಕೂಗುವವನ ಭಾವದಲ್ಲಿ ಮನೆಯು ಎಂದಿಗಿಂತಲೂ ದೊಡ್ಡದಾಗಿರುತ್ತದೆ.

ನಮ್ಮ ನಾಡಿನ ಜೈನಧರ್ಮದ ಇತಿಹಾಸವೇ ಒಂದು ದೊಡ್ಡ ಸ್ಥಳಾಂತರದಿಂದ ಪ್ರಾರಂಭವಾಗುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಕ್ರಿ. ಶ. ೬೦೦ರ ಸುಮಾರಿನದೆಂದು ವಿದ್ವಾಂಸರು ಹೇಳುವ ಶಾಸನವಿದೆ. ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು ಹನ್ನೆರಡು ವರ್ಷಗಳ ವಿಷಮಕಾಲವನ್ನು ನಿಮಿತ್ತಜ್ಞಾನದಿಂದ ಮುಂಗಂಡು ಹೇಳಲು, ಸಂಘವೆಲ್ಲವೂ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟುಬಂದ ಸಂಗತಿಯನ್ನು ಆ ಶಾಸನವು ತಿಳಿಸುತ್ತದೆ. ಅಷ್ಟು ದೂರದ ಆ ಪಯಣದಲ್ಲಿ ಒಬ್ಬೊಬ್ಬ ಮುನಿಯ ಹೊರೆಯು ಪಿಂಛಿ, ಕಮಂಡಲು ಇಷ್ಟೇ. ಇಂದು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವ ಗೃಹಸ್ಥನಿಗೆ ಒಂದು ಲಾರಿ ಸಾಲದು. ಗೃಹಸ್ಥನು ಮುನಿಯಂತೆ ಹೊರಡಬೇಕೆಂದು ಯಾವ ಆಚಾರ್ಯರೂ ಹೇಳಿಲ್ಲ. ಆದರೆ ಎಷ್ಟು ಹೊರೆ ಸಾಕು ಎಂಬುದನ್ನು ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳಬೇಕೆಂದು ಎಲ್ಲರೂ ಹೇಳಿದ್ದಾರೆ.

ಆ ನಿಶ್ಚಯಕ್ಕೆ ಪರಿಗ್ರಹಪರಿಮಾಣವೆಂದು ಹೆಸರು. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಅಳೆಯಬೇಕಾದುದು ವಸ್ತುವನ್ನಷ್ಟೇ ಅಲ್ಲ, ಇಚ್ಛೆಯನ್ನು ಎಂಬುದು ಆ ಹೆಸರಿನಿಂದಲೇ ತಿಳಿಯುತ್ತದೆ. ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸೀದಾಸರು, ಕುಪ್ಯ, ಭಾಂಡ ಎಂದು ಬಾಹ್ಯಪರಿಗ್ರಹವನ್ನು ಎಣಿಸುವಾಗ ಬಟ್ಟೆಬರೆ ಪಾತ್ರೆಪಡಗಗಳೆಲ್ಲವೂ ಕೊನೆಯ ಎರಡರಲ್ಲಿ ಬರುತ್ತವೆ. ಹೊಲಕ್ಕೂ ಚಿನ್ನಕ್ಕೂ ಮಿತಿ ಹಾಕಿಕೊಂಡ ಅನೇಕರು ಕುಪ್ಯಭಾಂಡಗಳಿಗೂ ಒಂದು ಸಂಖ್ಯೆಯನ್ನು ಹೇಳಿ ವ್ರತ ಸ್ವೀಕರಿಸಿರುತ್ತಾರೆ. ಆ ಸಂಖ್ಯೆಯು ಹಳೆಯ ದಿನಚರಿ ಪುಸ್ತಕವೊಂದರಲ್ಲಿ ಉಳಿದುಬಿಡುತ್ತದೆ. ಅಟ್ಟವು ಮಾತ್ರ ವರ್ಷೇ ವರ್ಷೇ ತುಂಬುತ್ತಲೇ ಹೋಗುತ್ತದೆ. ಮದುವೆಯ ಉಡುಗೊರೆಗಳು, ಆರತಿಯ ತಟ್ಟೆಗಳು, ಒಂದು ಕೊಂಡರೆ ಇನ್ನೊಂದು ಉಚಿತವೆಂದು ಬಂದ ಡಬ್ಬಗಳು, ಕಾಲು ಮುರಿದ ಕುರ್ಚಿಗಳು. ಯಾರೂ ಇವುಗಳನ್ನು ಬಯಸಿ ಕೂಡಿಟ್ಟಿರುವುದಿಲ್ಲ. ಬೇಡವೆನ್ನಲು ಮನಸ್ಸು ಬಾರದೆ ಕೂಡಿಹೋಗಿರುತ್ತವೆ. ಮೂರ್ಛೆಯೇ ಪರಿಗ್ರಹವೆಂದು ಸೂತ್ರಕಾರರು ಹೇಳಿದುದರಲ್ಲಿ ಇದೂ ಸೇರಿದೆ. ಮೂರ್ಛೆ ಹೋದವನಿಗೆ ತನ್ನ ಸುತ್ತಲೇನಿದೆ ಎಂಬ ಎಚ್ಚರವಿರದಷ್ಟೆ.

ಆದುದರಿಂದ ಮನೆ ಬದಲಾಯಿಸುವ ಶ್ರಾವಕನು ಮೊದಲು ಮಾಡಬೇಕಾದ ಕೆಲಸ ಲಾರಿಯನ್ನು ಗೊತ್ತುಮಾಡುವುದಲ್ಲ. ತನ್ನ ವ್ರತದ ಸಂಖ್ಯೆಯನ್ನು ಹುಡುಕಿ ತೆಗೆಯುವುದು. ಹೊರಡುವುದಕ್ಕೆ ಎರಡು ತಿಂಗಳ ಮೊದಲೇ ಒಂದು ಪುಸ್ತಕವನ್ನು ಹಿಡಿದು ಕೋಣೆ ಕೋಣೆಗೂ ಹೋಗಿ ಇರುವುದೆಲ್ಲವನ್ನೂ ಬರೆದುಕೊಳ್ಳಬೇಕು. ಅಡಿಗೆಮನೆಯ ಪಟ್ಟಿಯನ್ನು ಮನೆಯ ಹೆಂಗಸರೇ ಬರೆಯಲಿ. ಗಂಡಸರು ಬರೆದ ಪಟ್ಟಿಯಲ್ಲಿ ಅರ್ಧ ಪಾತ್ರೆಗಳು ಬಿಟ್ಟುಹೋಗಿರುತ್ತವೆ. ಹೀಗೆ ಬರೆದ ಮೇಲೆ, ವ್ರತದ ಸಂಖ್ಯೆ ನಲವತ್ತಿದ್ದು ಪಟ್ಟಿಯಲ್ಲಿ ನೂರಹತ್ತು ಕಂಡರೆ, ಬೆದರಬೇಕಾದುದಿಲ್ಲ. ಮರೆವಿನಿಂದ ಆದ ಅತಿಕ್ರಮವು ಅತಿಚಾರ. ಅದಕ್ಕೆ ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳಿವೆ. ಹೆಚ್ಚಾದುದೆಂದು ತಿಳಿದ ಮೇಲೂ ಅದನ್ನೇ ಕಟ್ಟಿ ಲಾರಿಗೇರಿಸಿದರೆ ಅಲ್ಲಿಂದ ಮುಂದಿನದು ಅತಿಚಾರವಲ್ಲ, ಅನಾಚಾರ.

ಈ ಸಂಧಿಯಲ್ಲಿ ಮನಸ್ಸು ಹೂಡುವ ಉಪಾಯಗಳನ್ನು ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಚೆನ್ನಾಗಿ ಬಲ್ಲವರಂತೆ ಹೇಳಿಬಿಟ್ಟಿದ್ದಾರೆ. ಒಂದೇ ಮನೆಯೆಂದು ವ್ರತವಿದ್ದವನು ಪಕ್ಕದ ಮನೆಯನ್ನೂ ಕೊಂಡು ನಡುಗೋಡೆಯನ್ನು ಕೆಡವಿಸಿ, ಇದು ಒಂದೇ ಮನೆ ಎನ್ನುತ್ತಾನೆ. ಧಾನ್ಯದ ಮಿತಿಯಿದ್ದವನು ಮುಂಗಡ ಕೊಟ್ಟು, ಮಾಲು ನಿನ್ನಲ್ಲೇ ಇರಲಿ ಎಂದು ಮಾರುವವನ ಮನೆಯಲ್ಲೇ ಕಟ್ಟಿ ಇರಿಸುತ್ತಾನೆ. ಚಿನ್ನದ ಮಿತಿ ಮೀರಿದವನು ಹೆಚ್ಚಿನದನ್ನು ಇನ್ನೊಬ್ಬರ ಕೈಗೆ ಕೊಟ್ಟು, ಅವಧಿ ಮುಗಿದ ಮೇಲೆ ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ. ಪಾತ್ರೆಗಳು ಹೆಚ್ಚಾದವನು ಎರಡನ್ನು ಕರಗಿಸಿ ಒಂದು ದೊಡ್ಡದನ್ನು ಮಾಡಿಸಿ ಸಂಖ್ಯೆಯನ್ನು ಉಳಿಸಿಕೊಳ್ಳುತ್ತಾನೆ. ಇವೆಲ್ಲವೂ ವ್ರತದ ಲೋಪಗಳೇ ಎಂಬುದು ಪಂಡಿತರ ಮತ. ಇಂದಿನ ಮನೆ ಬದಲಾವಣೆಗಳಲ್ಲಿ ಈ ನಾಲ್ಕೂ ವೇಷ ಬದಲಿಸಿ ಬರುತ್ತವೆ. ಎರಡು ಫ್ಲಾಟುಗಳ ನಡುವೆ ಬಾಗಿಲು ಒಡೆಯುವುದು, ಹೆಚ್ಚಿನ ಸಾಮಾನನ್ನು ತಂಗಿಯ ಮನೆಯ ಅಟ್ಟಕ್ಕೆ ಸೇರಿಸುವುದು, ಚಿನ್ನವನ್ನು ಮಗಳ ಹೆಸರಿನ ಲಾಕರಿಗೆ ದಾಟಿಸಿ ಕೀಲಿಕೈಯನ್ನು ತನ್ನಲ್ಲೇ ಇರಿಸಿಕೊಳ್ಳುವುದು. ಹೊಸದಾಗಿ ಪಾಪವನ್ನು ಕಂಡುಹಿಡಿಯುವ ಶಕ್ತಿ ಮನುಷ್ಯನಿಗೆ ಅಷ್ಟೇನೂ ಇಲ್ಲವೆಂದು ತೋರುತ್ತದೆ.

ಹೆಚ್ಚಾದುದನ್ನು ಬಿಡುವ ಕ್ರಮದಲ್ಲಿಯೂ ಎಚ್ಚರ ಬೇಕು. ದಾನವು ಆಹಾರ, ಔಷಧ, ಶಾಸ್ತ್ರ, ಅಭಯವೆಂದು ನಾಲ್ಕು ಬಗೆ. ಮುರಿದ ಗಡಿಯಾರ, ಹರಿದ ಜಮಖಾನೆಗಳನ್ನು ಬಸದಿಯ ಉಗ್ರಾಣಕ್ಕೆ ತಂದು ಸುರಿಯುವುದು ಇವುಗಳಲ್ಲಿ ಯಾವುದೂ ಅಲ್ಲ. ಊರೂರಿನ ಬಸದಿಗಳ ಹಿಂಗೋಣೆಗಳು ಇಂತಹ ದಾನಗಳಿಂದ ತುಂಬಿಹೋಗಿ ಜಿರಳೆ ಹಲ್ಲಿಗಳ ಬೀಡಾಗಿವೆ. ಬಳಸಲು ಬರುವಂತಹ ವಸ್ತುವನ್ನು ಬಳಸುವವನ ಕೈಗೇ ಕೊಡಬೇಕು. ಕೊಟ್ಟ ಮೇಲೆ ಆ ವಸ್ತುವಿನ ಮಾತನ್ನು ಮತ್ತೆ ಎತ್ತಬಾರದು. ಕೆಲವು ವಸ್ತುಗಳನ್ನು ಕೊಡಲೇಬಾರದು. ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು. ವಿಷ, ಆಯುಧ ಮೊದಲಾದ ಹಿಂಸೋಪಕರಣಗಳನ್ನು ಇನ್ನೊಬ್ಬರಿಗೆ ಒದಗಿಸುವುದೇ ಅದರ ಲಕ್ಷಣ. ತೋಟವಿದ್ದ ಹಳೆಯ ಮನೆಗಳ ಮೂಲೆಯಲ್ಲಿ ಪರವಾನಗಿಯ ಕೋವಿ, ಇಲಿಬೋನು, ಇಲಿಪಾಷಾಣ, ಅರ್ಧ ಉಳಿದ ಕೀಟನಾಶಕದ ಡಬ್ಬಗಳು ಸಿಕ್ಕುವುದುಂಟು. ಕೋವಿಯನ್ನು ಕಾನೂನಿನಂತೆ ಠಾಣೆಗೆ ಒಪ್ಪಿಸಬೇಕು. ವಿಷದ ಡಬ್ಬಗಳನ್ನು ಒಕ್ಕಲಿನವನಿಗೋ ನೆರೆಯವನಿಗೋ ಉಪಕಾರವೆಂದು ಕೊಡುವುದು ಉಪಕಾರವಲ್ಲ.

ದನಕರುಗಳಿದ್ದರೆ ದಲ್ಲಾಳಿಯ ಕೈಗೆ ಹಗ್ಗವನ್ನು ಕೊಡದೆ, ಸಾಕುವ ಮನೆಯನ್ನು ಹುಡುಕಿ, ಕೆಲವು ತಿಂಗಳ ಹುಲ್ಲಿಗೆ ಬೇಕಾಗುವ ಹಣವನ್ನೂ ಜೊತೆಗೆ ಕೊಟ್ಟು ಒಪ್ಪಿಸಬೇಕು. ನಾಯಿಯ ವಿಚಾರವನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಹತ್ತು ವರ್ಷ ಅಂಗಳವನ್ನು ಕಾದ ನಾಯಿಯು, ಲಾರಿ ಹೋದ ಮೇಲೆ ಮುಚ್ಚಿದ ಬಾಗಿಲಿನ ಮುಂದೆ ಅನ್ನಕ್ಕಾಗಿ ಕುಳಿತಿರುವ ದೃಶ್ಯವು ಹಳ್ಳಿಗಳಲ್ಲಿ ಅಪರೂಪವಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಅದು ಕಟ್ಟಿಹಾಕಿ ಉಪವಾಸ ಕೆಡವಿದವನಿಗೆ ಮಾತ್ರ ಅನ್ವಯಿಸುತ್ತದೆ, ಬಿಟ್ಟುಹೋದವನಿಗೆ ಅನ್ವಯಿಸದು ಎನ್ನುವುದು ತರ್ಕವಾದೀತೇ ಹೊರತು ಧರ್ಮವಾಗದು.

ಇನ್ನು ದಿಗ್ವ್ರತದ ವಿಚಾರ. ಇದು ಮನೆ ಬದಲಾವಣೆಗೆ ಎಲ್ಲಕ್ಕಿಂತ ಹತ್ತಿರದ ವ್ರತವಾಗಿದ್ದರೂ ಎಲ್ಲಕ್ಕಿಂತ ಮರೆತುಹೋದ ವ್ರತವೂ ಆಗಿದೆ. ಸಮುದ್ರ, ನದಿ, ಅಡವಿ, ಗಿರಿ, ಜನಪದ, ಯೋಜನಗಳನ್ನು ಎಲ್ಲೆಯಾಗಿ ಹೇಳಿ, ಹತ್ತು ದಿಕ್ಕುಗಳಲ್ಲಿಯೂ ಇದರಾಚೆಗೆ ಹೋಗೆನೆಂದು ಮರಣಪರ್ಯಂತ ಸಂಕಲ್ಪಿಸುವುದೇ ದಿಗ್ವ್ರತ. ಎಲ್ಲೆಯಾಚೆಗಿನ ಪ್ರದೇಶದ ಸೂಕ್ಷ್ಮಪಾಪಗಳಿಂದಲೂ ನಿವೃತ್ತಿಯಾಗುವುದರಿಂದ, ಅಷ್ಟರ ಮಟ್ಟಿಗೆ ಅಣುವ್ರತವೇ ಮಹಾವ್ರತದ ಪದವಿಯನ್ನು ಮುಟ್ಟುತ್ತದೆಂದು ಸಮಂತಭದ್ರರು ಇದನ್ನು ಕೊಂಡಾಡಿದ್ದಾರೆ.

ಕಾರ್ಕಳ ಸೀಮೆಯ ಒಂದು ಮನೆತನದಲ್ಲಿ ನಡೆದುದನ್ನು ಇಲ್ಲಿ ಸ್ಮರಿಸಬಹುದು. ಹಿಂದೆ ಗೇಣಿಯ ಅಕ್ಕಿಮುಡಿಗಳು ಬಂದು ಬೀಳುತ್ತಿದ್ದ ದೊಡ್ಡ ಮನೆ ಅದು. ೧೯೭೪ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಗದ್ದೆಗಳು ಗೇಣಿದಾರರಿಗೆ ಸೇರಿದುವು, ಪತ್ತಾಯಗಳು ಬರಿದಾದುವು, ಚಾವಡಿ, ಅಟ್ಟ, ಮಾಡುಗಳು ಮಾತ್ರ ಹಾಗೆಯೇ ಉಳಿದುವು. ಮನೆಯ ತಾಯಿಯು ೧೯೮೧ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕಕ್ಕೆ ಪತಿಯೊಡನೆ ಹೋಗಿದ್ದಾಗ, ಮುನಿಗಳ ಸನ್ನಿಧಿಯಲ್ಲಿ ದಿಗ್ವ್ರತವನ್ನು ಸ್ವೀಕರಿಸಿದ್ದರು. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಶ್ರವಣಬೆಳಗೊಳ, ಉತ್ತರಕ್ಕೆ ಹೊಂಬುಜ, ದಕ್ಷಿಣಕ್ಕೆ ಮಂಜೇಶ್ವರ, ಮೇಲಕ್ಕೆ ಕುಂದಾದ್ರಿಯ ಶಿಖರ ಎಂಬುದು ಅವರ ಎಲ್ಲೆ. ತೀರ್ಥಯಾತ್ರೆಗೆ ವಿನಾಯಿತಿ ಇರಿಸಿಕೊಳ್ಳುವ ರೂಢಿ ಕೆಲವರಲ್ಲಿದ್ದರೂ ಅವರು ಇರಿಸಿಕೊಂಡಿರಲಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷ ಈ ವ್ರತಕ್ಕೆ ಯಾವ ಅಡ್ಡಿಯೂ ಬರಲಿಲ್ಲ. ಪತಿಯು ತೀರಿಕೊಂಡ ಮೇಲೆ, ಮಾಡು ಸೋರುವ ಆ ಮನೆಯನ್ನು ದಾಯಾದಿಗಳಿಗೆ ಬಿಟ್ಟುಕೊಟ್ಟು ತಾಯಿಯನ್ನು ಬೆಂಗಳೂರಿನ ತನ್ನ ಫ್ಲಾಟಿಗೆ ಕರೆದೊಯ್ಯಲು ಮಗನು ನಿಶ್ಚಯಿಸಿದನು. ಬೆಂಗಳೂರು ಬೆಳಗೊಳದಿಂದ ಪೂರ್ವಕ್ಕೆ ಇನ್ನೂ ಬಹುದೂರ. ಲಾರಿಗೆ ಮುಂಗಡ ಕೊಟ್ಟಾಗಿತ್ತು, ಪಾತ್ರೆಗಳಿಗೆ ಹುಲ್ಲು ಸುತ್ತಿಯಾಗಿತ್ತು. ಆಗ ತಾಯಿಯು ವ್ರತದ ಮಾತನ್ನು ತೆಗೆದರು.

ಮಗನು ಧರ್ಮದ್ವೇಷಿಯಲ್ಲ. ಲೆಕ್ಕ ಬಲ್ಲವನು. "ಅಮ್ಮಾ, ಮಂಜೇಶ್ವರದ ಕಡೆಗೆ ನೀವು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೋದವರಲ್ಲ. ಆ ದಿಕ್ಕಿನಲ್ಲಿ ಅಷ್ಟು ಕಡಿಮೆ ಮಾಡಿ ಪೂರ್ವಕ್ಕೆ ಸೇರಿಸಿಕೊಂಡರೆ ಆಗದೇ?" ಎಂದನು.

"ಅದಕ್ಕೂ ಹೆಸರಿಟ್ಟಿದ್ದಾರೆ ಮಗಾ, ಕ್ಷೇತ್ರವೃದ್ಧಿ ಎಂದು," ಎಂದರು ತಾಯಿ.

ನಿಜ. ಮೇಲೆ, ಕೆಳಗೆ, ಅಡ್ಡಲಾಗಿ ಎಲ್ಲೆಯನ್ನು ಮೀರುವುದು, ಒಂದು ದಿಕ್ಕನ್ನು ಕಿರಿದುಗೊಳಿಸಿ ಇನ್ನೊಂದನ್ನು ಹಿಗ್ಗಿಸುವುದು, ಹಾಕಿಕೊಂಡ ಎಲ್ಲೆಯನ್ನೇ ಮರೆಯುವುದು ಎಂದು ದಿಗ್ವ್ರತದ ಅತಿಚಾರಗಳು ಐದು. ಮಗನ ಲೆಕ್ಕವು ಅವುಗಳಲ್ಲಿ ನಾಲ್ಕನೆಯದು. ಆ ರಾತ್ರಿ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮರುದಿನ ಸೊಸೆಯೇ ಅತ್ತೆಯ ಬಳಿಗೆ ಬಂದು, "ಅತ್ತೆ, ನೀವು ಕಾರ್ಕಳದಲ್ಲೇ ಇರಿ. ಬಸದಿಗೆ ನಡೆದು ಹೋಗುವಷ್ಟು ಹತ್ತಿರ ಒಂದು ಸಣ್ಣ ಮನೆ ಹಿಡಿಯುವ. ಮಕ್ಕಳಿಗೆ ರಜೆ ಸಿಕ್ಕಿದ ದಿನವೇ ಅವರನ್ನು ಕರೆದುಕೊಂಡು ನಾನು ಬಂದುಬಿಡುತ್ತೇನೆ" ಎಂದಳು. ಒಂದು ಲಾರಿಯ ಬದಲು ಎರಡು ಗಾಡಿಗಳು ಹೊರಟುವು. ದೊಡ್ಡದು ಘಟ್ಟ ಹತ್ತಿತು, ಚಿಕ್ಕದು ೧೫೮೬ರ ಚತುರ್ಮುಖ ಬಸದಿಯು ಕಣ್ಣಿಗೆ ಬೀಳುವ ಕೇರಿಗೆ ಹೋಯಿತು. ಸೊಸೆಯ ದೂರದ ನೆಂಟಳೊಬ್ಬಳು ರಾತ್ರಿ ಜೊತೆಗೆ ಮಲಗಲು ಒಪ್ಪಿದಳು. ಮಗನು ತಾಯಿಯನ್ನು ಬಿಟ್ಟುಹೋದನೆಂದು ಊರವರಲ್ಲಿ ಕೆಲವರು ಆಡಿಕೊಂಡರು. ತಿಂಗಳಿಗೆ ಎರಡು ಸಲ ರಾತ್ರಿಯ ಬಸ್ಸಿನಲ್ಲಿ ಬರುವ ಅವನಿಗೆ ಆ ಮಾತು ಮುಟ್ಟದಿರಲಿಲ್ಲ.

ಈ ಉದಾಹರಣೆಯನ್ನು ಎಲ್ಲರೂ ಹಾಗೆಯೇ ಅನುಸರಿಸಬೇಕೆಂದಲ್ಲ. ಒಬ್ಬರೇ ಇರಲಾರದಷ್ಟು ದೇಹ ಕುಗ್ಗಿದವರು ವ್ರತ ಕೊಟ್ಟ ಗುರುಗಳಲ್ಲಿಗೆ, ಅವರಿಲ್ಲವಾದರೆ ಬೇರೆ ಮುನಿಗಳಲ್ಲಿಗೆ ಹೋಗಿ ಇರುವುದನ್ನು ಇದ್ದಂತೆ ನಿವೇದಿಸಿ, ಅವರು ವಿಧಿಸಿದಂತೆ ನಡೆಯತಕ್ಕದ್ದು. ವ್ರತವನ್ನು ಕೊಟ್ಟವರು ಇರುವಾಗ ತಿದ್ದುಪಡಿಯನ್ನು ಮನೆಯ ಚಾವಡಿಯಲ್ಲಿ ಮಾಡಿಕೊಳ್ಳಬಾರದೆಂಬುದಷ್ಟೇ ಇಲ್ಲಿನ ತಾತ್ಪರ್ಯ. ತಾಯಿಯ ವ್ರತವನ್ನೇ ನೆಪಮಾಡಿಕೊಂಡು ಆಕೆಯ ಹೊಣೆಯಿಂದ ಜಾರಿಕೊಳ್ಳುವ ಮಗನ ಪಾಪವಂತೂ ಎಲ್ಲೆ ಮೀರಿದ ತಾಯಿಯ ಪಾಪಕ್ಕಿಂತ ಹಿರಿದು. ದಿಗ್ವ್ರತವನ್ನು ಎಳೆಯ ವಯಸ್ಸಿನಲ್ಲಿ ಸ್ವೀಕರಿಸುವವರೂ ಮಕ್ಕಳು ಎಲ್ಲಿ ನೆಲಸಿಯಾರು ಎಂಬುದನ್ನು ಯೋಚಿಸಿ ಎಲ್ಲೆಯನ್ನು ಹೇಳುವುದು ವಿವೇಕ.

ದಿನವನ್ನು ಗೊತ್ತುಮಾಡುವಾಗ ನೋಡಬೇಕಾದುದು ಪರ್ವತಿಥಿಗಳನ್ನು. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವವರಿರುವ ಮನೆಯು ಆ ದಿನಗಳಂದು ಹೊರಡಲೇಬಾರದು. ನೋಡದೆ, ಮೃದುವಾದ ಉಪಕರಣದಿಂದ ಸವರದೆ ವಸ್ತುವನ್ನು ಎತ್ತುವುದು, ಹಾಸಿಗೆಯನ್ನು ಹಾಸುವುದು, ನೆಲದ ಮೇಲೆ ವಿಸರ್ಜಿಸುವುದು ಈ ಮೂರೂ ಪ್ರೋಷಧದ ಅತಿಚಾರಗಳೆಂದು ಸೂತ್ರದಲ್ಲಿದೆ. ಮನೆ ಬದಲಾವಣೆಯೆಂದರೆ ಬೆಳಗಿನಿಂದ ಬೈಗಿನವರೆಗೆ ಎತ್ತುವುದು, ಇಡುವುದು, ಹಾಸುವುದು ಇಷ್ಟೇ ತಾನೆ? ಉಪವಾಸಿಯು ಮೂಲೆಯಲ್ಲಿ ಕುಳಿತು, ಅದನ್ನು ತಾ, ಇದನ್ನು ಕಳುಹಿಸು ಎಂದು ಆಜ್ಞಾಪಿಸುತ್ತಿದ್ದರೂ ಆರಂಭತ್ಯಾಗವು ಉಳಿಯದು. ಆಷಾಢ, ಕಾರ್ತಿಕ, ಫಾಲ್ಗುಣಗಳ ಅಷ್ಟಾಹ್ನಿಕ, ಭಾದ್ರಪದದ ದಶಲಕ್ಷಣ ಪರ್ವಗಳನ್ನೂ ಬಿಡಬೇಕು. ಆಷಾಢ ಶುಕ್ಲ ಚತುರ್ದಶಿಯಿಂದ ದೀಪಾವಳಿಯ ವೀರನಿರ್ವಾಣದವರೆಗೆ ಮುನಿಗಳೇ ವಿಹಾರವನ್ನು ನಿಲ್ಲಿಸಿ ವರ್ಷಾಯೋಗದಲ್ಲಿರುತ್ತಾರೆ. ಒದ್ದೆ ನೆಲದಲ್ಲಿ ಹುಲ್ಲು, ಹಾವಸೆ, ಹುಳುಹುಪ್ಪಟೆಗಳು ಲೆಕ್ಕವಿಲ್ಲದೆ ಹುಟ್ಟುವ ಕಾಲದಲ್ಲಿ ಗೃಹಸ್ಥನೂ ಅನಿವಾರ್ಯವಿಲ್ಲದೆ ಮನೆಯನ್ನು ಕದಲಿಸದಿರುವುದು ಲೇಸು. ಮಕ್ಕಳ ಶಾಲೆಗಳು ಬೇಸಗೆಯಲ್ಲಿ ಮುಚ್ಚುವುದರಿಂದ ಚೈತ್ರ ವೈಶಾಖಗಳೇ ಲೌಕಿಕಕ್ಕೂ ಧರ್ಮಕ್ಕೂ ಒಪ್ಪುವ ತಿಂಗಳುಗಳಾಗಿವೆ.

ಹೊತ್ತಿನ ವಿಚಾರದಲ್ಲಿ ಲಾರಿಯವರಿಗೂ ಶ್ರಾವಕರಿಗೂ ಸದಾ ತಕರಾರು. ಹಗಲಿನ ಕೆಲವು ಹೊತ್ತು ನಗರದೊಳಗೆ ದೊಡ್ಡ ಲಾರಿಗಳನ್ನು ಬಿಡುವುದಿಲ್ಲವಾದುದರಿಂದ ಅವರು ರಾತ್ರಿಯೇ ತುಂಬಿ ರಾತ್ರಿಯೇ ಇಳಿಸಬಯಸುತ್ತಾರೆ. ದೀಪದ ಬೆಳಕಿಗೆ ಮುತ್ತುವ ಹಾತೆಗಳು, ಪೆಟ್ಟಿಗೆಯ ಕೆಳಗಿನ ಇರುವೆಗಳು ಆ ಗಡಿಬಿಡಿಯಲ್ಲಿ ಯಾರ ಕಣ್ಣಿಗೂ ಬೀಳವು. ಸೂರ್ಯಾಸ್ತಕ್ಕೆ ಮುಂಚೆ ತುಂಬಿ ಮುಚ್ಚಿ, ಇಳಿಸುವುದನ್ನು ಮರುದಿನದ ಬೆಳಕಿಗೆ ಬಿಡುವುದಾಗಿ ಮೊದಲೇ ಮಾತಾಡಿಕೊಂಡರೆ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಒಪ್ಪುವವರು ಸಿಗುತ್ತಾರೆ.

ಅಡಿಗೆಮನೆಯನ್ನು ಬರಿದುಮಾಡುವುದಕ್ಕೆ ಶುದ್ಧಾಹಾರದ ಮರ್ಯಾದೆಗಳೇ ದಾರಿ ತೋರಿಸುತ್ತವೆ. ಹಿಟ್ಟಿಗೆ ಮಳೆಗಾಲದಲ್ಲಿ ೩ ದಿನ, ಬೇಸಗೆಯಲ್ಲಿ ೫ ದಿನ, ಚಳಿಗಾಲದಲ್ಲಿ ೭ ದಿನ ಎಂಬುದು ರೂಢಿಯಲ್ಲಿರುವ ಕಾಲಮರ್ಯಾದೆ. ಹಾಗಿರುವಾಗ ಡಬ್ಬಗಟ್ಟಲೆ ಹಿಟ್ಟನ್ನು ಊರಿಂದೂರಿಗೆ ಹೊತ್ತೊಯ್ಯುವ ಪ್ರಸಂಗವೇ ಬರಬಾರದು. ಹೊರಡುವುದಕ್ಕೆ ಒಂದು ತಿಂಗಳಿರುವಾಗಲೇ ಹೊಸ ದಿನಸಿಯನ್ನು ತರುವುದನ್ನು ನಿಲ್ಲಿಸಿ, ಇರುವುದನ್ನು ಲೆಕ್ಕ ಹಾಕಿ ಬಳಸಬೇಕು. ಹುಳು ಬಿದ್ದ ಕಾಳುಗಳನ್ನು ಉರಿಬಿಸಿಲಿಗೆ ಸುರಿಯದೆ, ನೆರಳಿನಲ್ಲಿ ತೆಳುವಾಗಿ ಹರಡಿ, ಹುಳುಗಳು ತಾವಾಗಿ ಸರಿದುಹೋಗಲು ಬಿಟ್ಟು, ಉಳಿದುದನ್ನು ಮೆಲ್ಲನೆ ಜರಡಿ ಹಿಡಿಯಬೇಕು. ಇದಕ್ಕೆ ದಿನಗಳು ಹಿಡಿಯುತ್ತವೆ. ಹೊರಡುವ ಹಿಂದಿನ ಸಂಜೆ ನೆನಪಾದರೆ ಮಾಡಲು ಬರುವ ಕೆಲಸವಲ್ಲ. ಪ್ರಯಾಣದ ನೀರಿನ ವಿಷಯವನ್ನೂ ಮುಂಚೆಯೇ ಯೋಚಿಸಬೇಕು. ಸೋಸಿದ ನೀರಿಗೆ ೪೮ ನಿಮಿಷಗಳ ಅಂತರ್ಮುಹೂರ್ತ, ಲವಂಗಾದಿಗಳಿಂದ ಪ್ರಾಸುಕ ಮಾಡಿದ ನೀರಿಗೆ ೬ ಗಂಟೆ, ಚೆನ್ನಾಗಿ ಕುದಿಸಿದ ನೀರಿಗೆ ೨೪ ಗಂಟೆಗಳ ಮರ್ಯಾದೆಯಿರುವುದರಿಂದ, ದೂರದ ದಾರಿಗೆ ಕುದಿಸಿದ ನೀರೇ ಯೋಗ್ಯ.

ಸಾಮಾನು ಕಟ್ಟುವ ಕೆಲಸವು ಬೇಗ ಪ್ರಾರಂಭವಾದಷ್ಟೂ ಹಿಂಸೆ ಕಡಿಮೆ. ವರ್ಷಗಟ್ಟಲೆ ಕದಲದ ಕಪಾಟಿನ ಹಿಂದೆ ಜೇಡ, ಹಲ್ಲಿಯ ಮೊಟ್ಟೆ, ಕಣಜದ ಮಣ್ಣುಗೂಡುಗಳಿರುತ್ತವೆ. ಮೊದಲು ಒಂದಿಷ್ಟು ಸರಿಸಿ ಬೆಳಕು ಬೀಳಿಸಿ ಒಂದೆರಡು ದಿನ ಬಿಟ್ಟರೆ ಓಡಾಡುವ ಜೀವಿಗಳಲ್ಲಿ ಹೆಚ್ಚಿನವು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳುತ್ತವೆ. ಮುನಿಗಳ ಆದಾನನಿಕ್ಷೇಪಣ ಸಮಿತಿಯು ಇದೇ. ಅವರ ಕೈಯಲ್ಲಿ ಪಿಂಛಿಯಿರುತ್ತದೆ, ಗೃಹಸ್ಥನ ಕೈಯಲ್ಲಿ ಮೃದುವಾದ ಬಟ್ಟೆಯೋ ಹುಲ್ಲಿನ ಪೊರಕೆಯೋ ಇದ್ದರಾಯಿತು. ತೆಂಗಿನ ಕಡ್ಡಿಯ ಹಿಡಿಯನ್ನು ಅಂಗಳಕ್ಕೆ ಇಟ್ಟುಕೊಳ್ಳಲಿ. ಹೊಸ ಮನೆಗೆ ಕಾಲಿಡುವ ಮೊದಲು ವಿಷವನ್ನು ಸಿಂಪಡಿಸುವ ಪದ್ಧತಿಯು ಈಗ ನಗರಗಳಲ್ಲಿ ಸಾಮಾನ್ಯವಾಗಿದೆ. ಗುಡಿಸುವಾಗ ಒರೆಸುವಾಗ ತಪ್ಪಿಸಲಾಗದೆ ಆಗುವುದು ಆರಂಭೀ ಹಿಂಸೆ. ಗೃಹಸ್ಥನು ಅದನ್ನು ಪೂರ್ಣವಾಗಿ ಬಿಡಲಾರನು. ಕೊಲ್ಲಬೇಕೆಂದೇ ಹಣ ತೆತ್ತು ಕೊಲ್ಲಿಸುವುದು ಸಂಕಲ್ಪೀ ಹಿಂಸೆ. ಅದನ್ನು ಅವನು ವ್ರತ ಸ್ವೀಕರಿಸಿದಂದೇ ಬಿಟ್ಟಿದ್ದಾನೆ. ಖಾಲಿಯಿರುವ ಹೊಸ ಮನೆಯಲ್ಲಿ ಕಿಟಕಿಗಳನ್ನು ತೆರೆದು ಬಿಸಿಲು ಗಾಳಿಗಳನ್ನು ಆಡಿಸಿ, ಒದ್ದೆಯನ್ನು ಒಣಗಿಸಿ, ಬಿರುಕುಗಳು ಬರಿದೆಂದು ನೋಡಿಕೊಂಡು ಮುಚ್ಚಿಸುವುದು ನಿಧಾನದ ಕೆಲಸವಾದರೂ ಸಾಧ್ಯವಾದ ಕೆಲಸ.

ಹೊರೆ ಹೊರುವವರ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿಯೇ ಹೇಳಬೇಕು. ಅತಿಭಾರಾರೋಪಣವು ಅಹಿಂಸಾಣುವ್ರತದ ಅತಿಚಾರವೆಂದೂ, ಅತಿವಾಹನ ಅತಿಭಾರವಹನಗಳು ಪರಿಗ್ರಹಪರಿಮಾಣದ ಅತಿಚಾರಗಳೆಂದೂ ಶಾಸ್ತ್ರದಲ್ಲಿವೆ. ಲೋಭದಿಂದ ಹೊರೆ ಹೆಚ್ಚುತ್ತದೆ, ಆ ಹೊರೆಯು ಇನ್ನೊಂದು ಜೀವದ ಬೆನ್ನಿನ ಮೇಲೆ ಬೀಳುತ್ತದೆ. ಆದುದರಿಂದಲೇ ಎರಡು ವ್ರತಗಳಲ್ಲಿಯೂ ಅದರ ಹೆಸರು ಬಂದಿದೆ. ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ಹಿರಿಯರು ಎತ್ತನ್ನು ನೋಡಿ ಹೊರೆಯನ್ನು ಇಳಿಸುತ್ತಿದ್ದರು. ಇಂದು ಆ ಎತ್ತಿನ ಜಾಗದಲ್ಲಿ ಹಮಾಲನು ನಿಂತಿದ್ದಾನೆ. ಕಬ್ಬಿಣದ ಕಪಾಟನ್ನು ಬಟ್ಟೆಬರೆಗಳ ಸಹಿತ ಬೆನ್ನಿಗೇರಿಸಿ ನಾಲ್ಕು ಮಹಡಿ ಹತ್ತಿಸುವುದು, ಲಿಫ್ಟು ಕೆಟ್ಟಿದ್ದರೂ ಮೊದಲು ಒಪ್ಪಿದ ಕೂಲಿಯನ್ನೇ ಹಿಡಿದು ವಾದಿಸುವುದು, ಮಧ್ಯಾಹ್ನದ ಊಟದ ಹೊತ್ತನ್ನು ಕೆಲಸ ಮುಗಿಯಲೆಂದು ಮುಂದೂಡುವುದು, ಇವುಗಳನ್ನು ಉಪವಾಸವ್ರತದಲ್ಲಿ ಪ್ರಸಿದ್ಧರಾದವರ ಮನೆಗಳಲ್ಲಿಯೂ ಕಾಣಬಹುದು. ತಾನು ಉಪವಾಸವಿರುವುದು ತಪಸ್ಸು. ದುಡಿಯುವವನನ್ನು ಉಪವಾಸವಿರಿಸುವುದು ಅನ್ನಪಾನನಿರೋಧ. ಕಪಾಟನ್ನು ಬರಿದುಮಾಡಿ ಕೊಡಬೇಕು. ಒಬ್ಬನು ಹೊರುವಲ್ಲಿ ಇಬ್ಬರನ್ನು ಗೊತ್ತುಮಾಡಬೇಕು. ಬಂದವರಿಗೆ ನೀರನ್ನೂ ಊಟವನ್ನೂ ಹಗಲಿರುವಾಗಲೇ ಬಡಿಸಬೇಕು. ಕೂಲಿಯನ್ನು ಅವರು ಮೈಯ ಬೆವರನ್ನು ಒರೆಸಿಕೊಳ್ಳುವಷ್ಟರಲ್ಲಿ ಚೌಕಾಸಿಯಿಲ್ಲದೆ ಕೈಗಿಡಬೇಕು.

ಮನೆಯ ಚೈತ್ಯಾಲಯದ ಬಿಂಬಗಳನ್ನು ಸಾಮಾನಿನೊಡನೆ ಕಟ್ಟಬಾರದೆಂಬುದನ್ನು ಹೇಳಬೇಕಾದ ಅಗತ್ಯವಿಲ್ಲ. ಹೇಳಬೇಕಾದುದು ಬೇರೆಯದು. ಪ್ರತಿಷ್ಠಿತ ಬಿಂಬಕ್ಕೆ ನಿತ್ಯಾಭಿಷೇಕ ಪೂಜೆಗಳು ನಡೆಯಬೇಕು. ಹೊಸ ಊರಿನಲ್ಲಿ ಗಂಡಹೆಂಡಿರಿಬ್ಬರೂ ಬೆಳಗ್ಗೆ ಬಾಗಿಲು ಹಾಕಿ ಕೆಲಸಕ್ಕೆ ಹೋಗುವವರಾಗಿ, ಪೂಜೆಯು ತಪ್ಪುವುದೆಂದು ಮೊದಲೇ ತಿಳಿದಿದ್ದರೆ, ಅಭಿಮಾನವನ್ನು ಬಿಟ್ಟು ಬಿಂಬಗಳನ್ನು ಇಂದ್ರರ ಮೂಲಕ ವಿಧಿಪೂರ್ವಕವಾಗಿ ಊರಿನ ಬಸದಿಗೆ ಒಪ್ಪಿಸುವುದೇ ಭಕ್ತಿ. ಮೇಲೆ ಹೇಳಿದ ಕಾರ್ಕಳ ಸೀಮೆಯ ಮನೆಯಲ್ಲಿ ಪಾರ್ಶ್ವನಾಥನ ಚಿಕ್ಕ ಪಂಚಲೋಹದ ಬಿಂಬವು ಬಸದಿಗೆ ಸೇರಿತು. ತಾಯಿಯು ಈಗ ಪ್ರತಿದಿನವೂ ಅಲ್ಲಿಯೇ ಅದನ್ನು ದರ್ಶಿಸುತ್ತಾರೆ. ಓಲೆಗರಿಯ ಕಟ್ಟುಗಳು ಇದ್ದರೆ ಅವುಗಳನ್ನು ರದ್ದಿಯ ಕಾಗದಗಳೊಡನೆ ಹೊರಗಿಡುವ ಮೊದಲು ಓದಬಲ್ಲವರಿಗೆ ತೋರಿಸಬೇಕು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ಓಲ್ಲೆಗಳನ್ನು ನಮ್ಮವರು ಶತಮಾನಗಳ ಕಾಲ ಕಾಪಾಡಿದುದರಿಂದಲೇ ೧೯೩೯ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವು ಅಚ್ಚಾಗಿ ಹೊರಬರುವಂತಾಯಿತು. ತಮ್ಮ ಮನೆಯ ಅಟ್ಟದಲ್ಲಿರುವುದು ಏನೆಂದು ತಿಳಿಯದೆ ಎಸೆಯುವ ಹಕ್ಕು ಯಾರಿಗೂ ಇಲ್ಲ.

ಹೊಸ ಮನೆಯಲ್ಲಿ ಹಾಲುಕ್ಕಿಸುವುದು ಲೋಕರೂಢಿ. ಮಾಡುವವರು ಮಾಡಲಿ; ಚೆಲ್ಲಿದ ಹಾಲನ್ನು ಕೂಡಲೇ ಒರೆಸದಿದ್ದರೆ ಇರುವೆಗಳು ಮುತ್ತಿ, ಮಂಗಳಕಾರ್ಯವು ಅಷ್ಟು ಜೀವಿಗಳ ಘಾತದಲ್ಲಿ ಮುಗಿಯುವುದು. ಶ್ರಾವಕನ ಮನೆಯಲ್ಲಿ ಮೊದಲು ಬಿಚ್ಚಬೇಕಾದ ಗಂಟು ನೀರು ಸೋಸುವ ಬಟ್ಟೆಯದು. ೩೬ ಅಂಗುಲ ಉದ್ದ, ೨೪ ಅಂಗುಲ ಅಗಲದ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಬೇಕೆಂಬ ಕ್ರಮವನ್ನು ಹಿರಿಯರು ಬಲ್ಲರು. ಕಷ್ಟವಿರುವುದು ಅನಂತರದ ಕೆಲಸದಲ್ಲಿ. ಬಾವಿಯ ಮನೆಯಲ್ಲಿ ಸೋಸಿದ ಬಟ್ಟೆಯ ಜೀವರಾಶಿಯನ್ನು ಅದೇ ಬಾವಿಗೆ ಮೆಲ್ಲನೆ ಇಳಿಬಿಡುತ್ತಿದ್ದರು. ನಲ್ಲಿಯ ನೀರು ಯಾವ ಹೊಳೆಯಿಂದ ಬಂದುದೋ ಅಲ್ಲಿಗೆ ಅದನ್ನು ಮರಳಿಸುವ ದಾರಿಯೇ ಇಲ್ಲ. ಆದುದರಿಂದಲೇ ಪ್ರತಿಮಾಧಾರಿಗಳು ನಗರದಲ್ಲಿಯೂ ಬಾವಿಯಿರುವ ಬಸದಿಯನ್ನು ಹುಡುಕಿ, ತಮ್ಮ ಆಹಾರಕ್ಕೆ ಬೇಕಾಗುವ ಒಂದೆರಡು ಕೊಡ ನೀರನ್ನಾದರೂ ಅಲ್ಲಿಂದ ತರುತ್ತಾರೆ. ಬಾಡಿಗೆಗೆ ಮನೆ ನೋಡಲು ಹೋಗುವವರು ಬಸ್ಸು ನಿಲ್ದಾಣ ಎಷ್ಟು ದೂರ, ಮಕ್ಕಳ ಶಾಲೆ ಎಷ್ಟು ದೂರ ಎಂದು ವಿಚಾರಿಸುವಾಗಲೇ, ಹತ್ತಿರದ ಬಸದಿ ಯಾವುದು, ಅಲ್ಲಿ ಬಾವಿಯಿದೆಯೇ, ಸಂಜೆ ಕೆಲಸದಿಂದ ಹಿಂದಿರುಗಿ ಸೂರ್ಯಾಸ್ತಕ್ಕೆ ಮುಂಚೆ ಊಟಕ್ಕೆ ಕೂರುವಷ್ಟು ಸಮೀಪದಲ್ಲಿ ಮನೆ ಇದೆಯೇ ಎಂಬುದನ್ನೂ ವಿಚಾರಿಸಿಕೊಂಡು ಮುಂಗಡ ಕೊಡತಕ್ಕದ್ದು.